ಎಲ್ಲರಿಗೂ ಮೊದಲ ಕರೆ

“ಅತ್ತಿ, ಚಂದಾಗಿ ಕೇಳ್ರಿ. ಮ್ಯಾಲಿನ ಗೆರಿಯಾಗ ನಮ್ಮ ವಿಳಾಸ ಒಂದ ಇರ್ಲಿ. ಉಳಿದವ್ರನ್ನೆಲ್ಲಾ ಕೆಳಗ ‘ಬಿಸಿಸಿ’ ಅಂತ ಐತಲ್ಲ, ಅದ್ರಾಗ ಹಾಕೀನಿ. ಹಂಗಿದ್ರ ಈ-ಮೇಲು ಎಲ್ಲಾರಿಗೂ ಹೋಗ್ತೈತಿ, ಆದ್ರ ಇನ್ಯಾರ್ಯಾರಿಗೆ ಹೋತು ಅನ್ನೋದು ಒಬ್ರಿಗೂ ಕಾಣಂಗಿಲ್ಲ. ಮ್ಯಾಲಿನ ಗೆರಿಯಾಗ ಹಾಕಿದ್ರ ಎಲ್ಲಾರ ಹೆಸ್ರು ಎಲ್ಲಾರಿಗೂ ಕಾಣ್ತಾವ. ಕೂಸಿನ ಫೋಟೋ ಸೇರಿಸಿ ಕಳಸಾಕ ಮಾವಾರಿಗೆ ಹೇಳ್ರಿ.”

ಇಷ್ಟು ಹೇಳಿ ಸೊಸೆ ಸುನಿತಾ ಸಂಡೂರಿನ ಬಸ್ಸಿಗೆ ಓಡಿದಳು.

ಮೊಮ್ಮಗಳ ತೊಟ್ಟಿಲ ಕಾರ್ಯ. ಕರೆಯುವುದರಲ್ಲಿ ಗಂಗಾಂಬಿಕಮ್ಮನದೊಂದು ಪದ್ಧತಿ: ಕುಂಕುಮ ಹಚ್ಚಿ, ದನಿ ಇಳಿಸಿ, “ಮೊದಲು ನಿಮ್ಮನಿಗೇ ಬಂದೀನಿ” ಎನ್ನುವುದು. (ಎಲ್ಲರ ಮನೆಯಲ್ಲೂ.) ಈ ಸಲ ಮಂಡಿ ನೋವು. ವಾಟ್ಸಾಪಿನಲ್ಲಿ ಕರೆದರೆ ನೆಂಟರು ಮೂಗು ಮುರಿಯುತ್ತಾರೆ. ಈ-ಮೇಲಾದರೆ ಪತ್ರ ಬರೆದಷ್ಟು ಮರ್ಯಾದೆ. ಅದರಲ್ಲೂ ಆಕೆ ಬರೆಸಿದ್ದು ಅದೇ ಮಾತು: “ಮೊದಲು ನಿಮಗೇ ತಿಳಿಸೀವಿ, ಇನ್ನೂ ಯಾರಿಗೂ ಹೇಳಿಲ್ಲ.”

ಸೊಸೆ ಅತ್ತ ಹೋದದ್ದೇ ತಡ, ಗಂಡನತ್ತ ತಿರುಗಿದಳು.

“ಏನ್ರಿ, ನಮ್ಮಣ್ಣನ ಹೆಸ್ರು ಮರಿಯಾಗ ಯಾಕ ಇಡಬೇಕು? ಕಳ್ಳ ಮಾಲೇನು? ಮ್ಯಾಲ ಹಾಕ್ರಿ, ನಾಕು ಮಂದಿಗೆ ಕಾಣ್ಲಿ!”

“ಸುನಿತಾ ಬ್ಯಾಡ ಅಂದಾಳಲ್ಲ?”

“ನಿಮ್ಮ ಕಡಿಯವ್ರನ್ನ ಬೇಕಾದ್ರ ಮುಚ್ಚಿಡ್ರಿ!”

“ನಮ್ಮ ಕಡಿಯವ್ರೇನು ಕಡಿಮಿ?” ಎಂದು ಮುರುಗೇಶಪ್ಪ ಸಮಸ್ತ ಬಂಧುವರ್ಗವನ್ನೂ ಮೇಲಕ್ಕೆ ಹತ್ತಿಸಿ ಗುಂಡಿ ಒತ್ತಿದ.

ಚಾ ಕುಡಿದು ಲೋಟ ಕೆಳಗಿಟ್ಟಿರಲಿಲ್ಲ, ಕಂಪ್ಲಿಯ ಅಣ್ಣ ಜಡೆಪ್ಪನ ಉತ್ತರ ಬಂತು, ಎಲ್ಲರಿಗೂ ಕಾಣುವಂತೆ. ಮುರುಗೇಶಪ್ಪ ಓದಿದ: “ತಂಗೆವ್ವಾ, ನಾವೆಲ್ಲಾ ಮೊದಲ್ನೇವ್ರ ಆದ್ವಿ. ಎರಡ್ನೇವ್ರು ಯಾರವ್ವಾ?”

ಹಿಂದೆಯೇ ಸಂಡೂರಿನ ನೆಗೆಣ್ಣಿ ಜಂಬಮ್ಮ: “ಅಕ್ಕಾ, ಮಗನ ಮದಿವಿಗೂ ನಮ್ಮನಿಗೇ ಮೊದಲು ಬಂದೀನಿ ಅಂದಿದ್ದಿ!”

ಮತ್ತೆ ಜಡೆಪ್ಪ: “ನಮ್ಮನ್ಯಾಗೂ ಹಂಗ ಅಂದಿದ್ಲು!”

ಗಂಗಾಂಬಿಕಮ್ಮ ಗಂಡನ ಭುಜ ಹಿಡಿದು ಬಗ್ಗಿ ನೋಡಿದಳು. ತನ್ನ ತವರಿನವರೇ ಮುನಿಸಿಕೊಂಡು ಬರದಿದ್ದರೆ? ಅವರಿಲ್ಲದೆ ತೊಟ್ಟಿಲು ಕಟ್ಟುವುದುಂಟೇ?

“ವಾಪಸ್ ತಗೊಳ್ರೀ ಅದನ್ನ!”

“ಹೋದದ್ದು ಹೋತು. ತಡಿ, ನಿಮ್ಮಣ್ಣ ಇನ್ನೊಂದು ಹಾಕ್ಯಾನ: ‘ಎಲ್ಲಾರೂ ಮಾತಾಡಿಕೊಂಡೀವಿ. ಇವತ್ತ ಸಂಜಿಗೆ ಒಟ್ಟಿಗೇ ಚಿತ್ತವಾಡ್ಗಿಗೆ, ನಿಮ್ಮನಿಗೇ ಬರ್ತೀವಿ. ನಮ್ಮೆದುರಿಗೆ ಮೊದಲು ಯಾರಿಗೆ ಕುಂಕುಮ ಹಚ್ತಿ, ನೋಡೂಣು. ಊಟ ಅಲ್ಲೇ.’”

ಮನೆ ಮನೆ ತಿರುಗುವುದು ತಪ್ಪಲಿ ಎಂದಿದ್ದ ಮಂಡಿ ನೋವಿನವಳು, ಬುಟ್ಟಿ ತುಂಬುವಷ್ಟು ಜೋಳದ ಹಿಟ್ಟು ನಾದಿಕೊಂಡು ಹಂಚಿನ ಮುಂದೆ ಕುಂತಳು. ಮೊದಲ ರೊಟ್ಟಿ ಉಬ್ಬಿತು.

“ಇದು ಯಾರ ತಾಟಿಗೆ?” ಎಂದ ಮುರುಗೇಶಪ್ಪ, ಮೆಲ್ಲಗೆ.

ಆಕೆ ರೊಟ್ಟಿಯನ್ನು ಬುಟ್ಟಿಯ ತಳಕ್ಕೆ ಹಾಕಿ, ಬಟ್ಟೆ ಮುಚ್ಚಿ, ಇನ್ನೊಂದು ಬಡಿಯತೊಡಗಿದಳು.