ಕಿವಿಗುರುಳು

ಕತ್ತರಿಯನ್ನು ಫ್ರಿಜ್ಜಿನ ಮೇಲೆ ಇಟ್ಟರೆ ಮಕ್ಕಳ ಕೈಗೆ ಸಿಗುವುದಿಲ್ಲ ಎಂದು ಗೆಡಾಲ್ಯನಿಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಫ್ರಿಜ್ಜಿನ ಪಕ್ಕದಲ್ಲೇ ಕುರ್ಚಿಯಿತ್ತು. ಕುರ್ಚಿ ಹತ್ತಲು ಬರುವ ತೆಮಿ ಎಂಬ ಐದು ವರ್ಷದ ಮಗಳೂ ಇದ್ದಳು. ಇವೆರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಅವನು ಸೋಫಾದ ಮೇಲೆ ಕುಳಿತ, ಕುಳಿತವನು ಒರಗಿದ, ಒರಗಿದವನು ಕಣ್ಣು ಮುಚ್ಚಿದ.

ಅದು ಮನೆಬಳಕೆಯ ಕತ್ತರಿಯಲ್ಲ, ನೀಲಿ ರಿಬ್ಬನ್ ಕಟ್ಟಿದ ಹೊಸ ಕತ್ತರಿ. ಆ ಭಾನುವಾರ ಮಗ ನಹೂಮನಿಗೆ ಮೂರು ತುಂಬಿತ್ತು. ಹುಟ್ಟಿದಾಗಿನಿಂದ ಬೆಳೆಯಲು ಬಿಟ್ಟಿದ್ದ ಅವನ ಕೂದಲಿಗೆ ಸಂಜೆ ಮೊದಲ ಕತ್ತರಿ ಬೀಳಬೇಕಿತ್ತು. ನೆಂಟರು, ನೆರೆಯವರು ಸಾಲಾಗಿ ಬಂದು ಒಂದೊಂದು ಎಳೆ ಕತ್ತರಿಸಬೇಕು. ಕೊನೆಗೆ ತಲೆಯೆಲ್ಲ ಸಣ್ಣಗಾಗಿ, ಎರಡು ಕಿವಿಗಳ ಮುಂದೆ ಒಂದೊಂದು ಗುಂಗುರು ಕುರುಳು ಮಾತ್ರ ಉಳಿಯಬೇಕು. ಕತ್ತರಿ ಸೋಕಬಾರದ ಆ ಎರಡು ಕಿವಿಗುರುಳುಗಳಿಂದಲೇ ಹುಡುಗ ತಮ್ಮ ಯೆಹೂದಿ ಕುಲದವನಾದ ಎಂದು ಜನ ಹರಸುವುದು.

ಇದನ್ನು ನೋಡಲೆಂದೇ ಹೆಂಡತಿ ಹೆನ್ಯಾಳ ತಂದೆ ಕಲ್ಮನ್, ಗೌರವಕ್ಕೆ ಎಲ್ಲರ ಬಾಯಲ್ಲೂ ರೆಬ್ ಕಲ್ಮನ್, ಆಂಟ್ವರ್ಪ್‌ನಿಂದ ಟೊರೊಂಟೊಗೆ ಹೊರಟಿದ್ದರು. ಹೃದಯದ ಆಪರೇಷನ್ ಆದ ಮೇಲೆ ವಿಮಾನ ಹತ್ತಿದ್ದು ಇದೇ ಮೊದಲು. ಇರುವ ಒಬ್ಬನೇ ಮೊಮ್ಮಗ. ಮರುದಿನವೇ ವಾಪಸು. ಅವರಿಗೆ ಅಳಿಯನ ಬಗ್ಗೆ ಅಂಥ ದೊಡ್ಡ ಅಭಿಪ್ರಾಯವೇನೂ ಇರಲಿಲ್ಲ. ಮದುವೆಯ ದಿನ ಚಪ್ಪರದ ಕೆಳಗೆ ಶಾಸ್ತ್ರದಂತೆ ಗಾಜಿನ ಲೋಟವನ್ನು ತುಳಿದು ಒಡೆಯುವಾಗ ಗೆಡಾಲ್ಯ ಲೋಟ ಬಿಟ್ಟು ಮಾವನ ಕಾಲನ್ನು ತುಳಿದಿದ್ದ. "ಹುಡುಗ ಒಳ್ಳೆಯವನು. ಆದರೆ ಬೆಲೆಬಾಳೋದು ಏನನ್ನೂ ಅವನ ಸುಪರ್ದಿಗೆ ಬಿಡಬೇಡ" ಎಂದು ಅಂದೇ ಮಗಳಿಗೆ ಹೇಳಿದ್ದರು. ಆ ಮಗಳು ಈಗ ಇಬ್ಬರು ಮಕ್ಕಳನ್ನೂ ಅವನ ಸುಪರ್ದಿಗೆ ಬಿಟ್ಟು ತಂದೆಯನ್ನು ಕರೆತರಲು ಏರ್‌ಪೋರ್ಟಿಗೆ ಹೋಗಿದ್ದಳು. "ನಹೂಮನ ತಲೆ ತೊಳೀಬೇಡ, ಬಾಚಬೇಡ, ಮುಟ್ಟಲೇಬೇಡ. ಎಲ್ಲ ನಾನೇ ಬಂದು ನೋಡ್ಕೋತೀನಿ. ಇವತ್ತೊಂದು ದಿನ ನನ್ನಪ್ಪನ ಮುಂದೆ ಮರ್ಯಾದೆ ಉಳಿಸು" ಎಂದು ಬಾಗಿಲಲ್ಲಿ ನಿಂತು ಹೇಳಿದ್ದಳು.

ಮಕ್ಕಳಿರುವ ಮನೆಯಲ್ಲಿ ಗದ್ದಲಕ್ಕೆ ಯಾರಿಗೂ ಎಚ್ಚರವಾಗುವುದಿಲ್ಲ, ಸದ್ದಡಗಿದರೆ ಆಗುತ್ತದೆ. ಗೆಡಾಲ್ಯ ದಡಬಡಿಸಿ ಎದ್ದ. ಎದುರಿಗೆ ತೆಮಿ ನಿಂತಿದ್ದಳು. ಒಂದು ಕೈಯಲ್ಲಿ ರಿಬ್ಬನ್ ಕತ್ತರಿ, ಇನ್ನೊಂದರಲ್ಲಿ ಹೊಂಬಣ್ಣದ ಉದ್ದನೆಯ ಕುರುಳು.

"ಅಪ್ಪ, ನನ್ನ ಸರದಿ ಮುಗೀತು. ಇನ್ನು ಸಂಜೆ ನೀವೆಲ್ಲ ಮಾಡ್ಕೊಳ್ಳಿ" ಎಂದಳು.

ನಹೂಮ ಬಿಸ್ಕತ್ತು ತಿನ್ನುತ್ತ ಕುಳಿತಿದ್ದ. ತಲೆ ತುಂಬ ಕೂದಲು ಹಾಗೇ ಇತ್ತು, ಬಲಗಿವಿಯ ಮುಂದೆ ಬಿಟ್ಟು. ಅಲ್ಲಿ ಹಲ್ಲುಜ್ಜುವ ಬ್ರಷ್ಷಿನಷ್ಟು ಮೋಟು ಮಾತ್ರ ಉಳಿದಿತ್ತು.

"ಇಷ್ಟು ದೊಡ್ಡ ತಲೆ ಇತ್ತಲ್ಲೇ ತೆಮಿ! ಹಿಂದೆ ಕತ್ತರಿಸ್ಬಹುದಿತ್ತು, ಮುಂದೆ ಕತ್ತರಿಸ್ಬಹುದಿತ್ತು. ಅದನ್ನೇ ಯಾಕೆ ಕತ್ತರಿಸ್ದೆ?"

"ಅದೇ ಎಲ್ಲದಕ್ಕಿಂತ ಚೆನ್ನಾಗಿತ್ತು" ಎಂದಳು ತೆಮಿ. "ನೀವೆಲ್ಲ ಕತ್ತರಿಸಿದ್ಮೇಲೆ ಕೊನೇಲಿ ನಾನು ಅಂದ್ರಲ್ಲ, ಆಮೇಲೆ ನನಗೇನು ಉಳೀತಿತ್ತು?"

ಪ್ರಶ್ನೆ ನ್ಯಾಯವಾಗಿಯೇ ಇತ್ತು. ಗೆಡಾಲ್ಯನಿಗೆ ಅಳು ಬಂತು. ಬೇರೆಲ್ಲಿ ಕತ್ತರಿಸಿದ್ದರೂ ಸಂಜೆಯ ಕ್ಷೌರದಲ್ಲಿ ಮುಚ್ಚಿಹೋಗುತ್ತಿತ್ತು. ಇದೋ, ತಲೆ ಸಣ್ಣಗಾದಷ್ಟೂ ಎದ್ದು ಕಾಣುವ ಜಾಗ. ಮಾವ ಸಾಗರ ದಾಟಿ ಬಂದು ನೋಡುವುದು ಒಂದೇ ಕಿವಿಗುರುಳಿನ ಮೊಮ್ಮಗನನ್ನು. ಕಾಲು ತುಳಿದದ್ದನ್ನೇ ಇನ್ನೂ ಮರೆಯದ ಮನುಷ್ಯ ಇದನ್ನು ಮರೆತಾರೆಯೇ? ಎಲ್ಲಕ್ಕಿಂತ ಹೆಚ್ಚಾಗಿ ಆ ಮುದುಕರಿಗೆ ಎಷ್ಟು ನೋವಾದೀತು!

ಅವನಿಗೆ ಹೊಳೆದ ಒಂದೇ ದಾರಿಯೆಂದರೆ ಕೆಳಗಿನ ಮಹಡಿಯ ಪೆಸಿ. ಆ ಕಟ್ಟಡದ ಅರ್ಧಕ್ಕರ್ಧ ಹೆಂಗಸರು ಮದುವೆಯಾದ ಮೇಲೆ ಸಂಪ್ರದಾಯದಂತೆ ತಲೆಗೆ ಹಾಕುವ ವಿಗ್ಗುಗಳೆಲ್ಲ ಅವಳ ಕೈಯಲ್ಲೇ ರಿಪೇರಿಯಾಗುತ್ತಿದ್ದವು. ಗೆಡಾಲ್ಯ ಕುರುಳನ್ನು ಜೇಬಿಗೆ ಹಾಕಿಕೊಂಡು, ಮಗನ ತಲೆಗೆ ಕಿವಿ ಮುಚ್ಚುವ ಉಣ್ಣೆ ಟೋಪಿ ಏರಿಸಿ, ಮಗಳ ಕೈ ಹಿಡಿದು ಲಿಫ್ಟಿನೊಳಗೆ ನುಗ್ಗಿದ. ಒಳಗೆ ಪಕ್ಕದ ಮನೆಯ ರೆಬ್ ಲಿಪಾ ನಿಂತಿದ್ದರು. ನಿವೃತ್ತಿಯಾದಂದಿನಿಂದ ನೆರೆಹೊರೆಯ ಸಮಾಚಾರವನ್ನೇ ಉದ್ಯೋಗ ಮಾಡಿಕೊಂಡವರು.

"ಏನಯ್ಯ, ಜೂನ್ ತಿಂಗಳಲ್ಲಿ ಮಗುಗೆ ಉಣ್ಣೆ ಟೋಪಿ?"

"ಕಿವಿ ನೋವು, ರೆಬ್ ಲಿಪಾ."

"ಯಾವ ಕಿವಿ?"

ಬಲಗಿವಿಯ ಹತ್ತಿರ ಯಾರ ಕಣ್ಣೂ ಸುಳಿಯಬಾರದು. "ಎಡಗಿವಿ" ಎಂದ ಗೆಡಾಲ್ಯ. ಜೀವಮಾನದಲ್ಲಿ ಅಷ್ಟು ಚುರುಕಾಗಿ ಅವನೆಂದೂ ಸುಳ್ಳು ಹೇಳಿರಲಿಲ್ಲ.

"ಆದರೆ ಅಪ್ಪ..." ಎಂದು ತೆಮಿ ಬಾಯಿ ತೆರೆದಳು. ಪುಣ್ಯಕ್ಕೆ ಲಿಫ್ಟಿನ ಬಾಗಿಲೂ ತೆರೆಯಿತು.

ಪೆಸಿ ಟೋಪಿ ತೆಗೆದು, ಮೊದಲು ನಹೂಮನ ಎಡಗಿವಿಯನ್ನು ಬಗ್ಗಿ ನೋಡಿದಳು. ಆಮೇಲೆ ತಲೆ ತಿರುಗಿಸಿ ಬಲಗಿವಿ ನೋಡಿದಳು. "ಓಹೋ, ಬಲಗಡೇನಾ!" ಎಂದವಳೇ ತುಟಿ ಕಚ್ಚಿಕೊಂಡಳು.

"ಯಾಕೆ ಪೆಸಿ? ಆಗಲ್ವಾ?"

"ಆಗುತ್ತೆ ಕಣೋ. ಈ ಮೋಟಿಗೇ ಸೇರಿಸಿ ಅಂಟಿಸ್ತೀನಿ. ಯಾರೂ ಎಳೀಬಾರದು ಅಷ್ಟೆ."

"ಹೆನ್ಯಾಗೆ ಮಾತ್ರ ಗೊತ್ತಾಗಬಾರದು. ನಿನ್ನ ಕಾಲಿಗೆ ಬೀಳ್ತೀನಿ."

"ಈ ಮನೆಗೆ ಬಂದ ತಲೆ ವಿಷಯ ಈ ಮನೆ ದಾಟಲ್ಲ" ಎಂದು ಪೆಸಿ ಅಂಟಿನ ಬಾಟಲಿ ತೆರೆದಳು. ಅವಳ ಹೆಗಲು ಸಣ್ಣಗೆ ಕುಲುಕುತ್ತಿತ್ತು. ಕೆಮ್ಮಿರಬೇಕು ಎಂದುಕೊಂಡ ಗೆಡಾಲ್ಯ.

ಕೆಲಸವೇನೋ ಹೆತ್ತವರಿಗೂ ಗುರುತು ಸಿಗದಷ್ಟು ಚೆನ್ನಾಗಿ ಆಯಿತು. ಆದರೆ ಮನೆಗೆ ಮರಳುವಷ್ಟರಲ್ಲಿ ಕಿವಿ ನೋವಿನ ಸುದ್ದಿ ಲಿಫ್ಟಿಗಿಂತ ವೇಗವಾಗಿ ಮೇಲೇರಿತ್ತು. ಲಿಪಾರ ಹೆಂಡತಿ ಬಿಸಿ ಈರುಳ್ಳಿಯನ್ನು ಬಟ್ಟೆಯಲ್ಲಿ ಕಟ್ಟಿ ತಂದು ಬಾಗಿಲಲ್ಲಿ ನಿಂತಿದ್ದರು. ಎದುರುಮನೆಯಾಕೆ ಬೆಳ್ಳುಳ್ಳಿ ಎಣ್ಣೆ ಹಿಡಿದಿದ್ದರು. ಇಬ್ಬರಿಗೂ ಯಾವುದು ಮೊದಲು ಎಂಬ ವಾದ ಹತ್ತಿಕೊಂಡಿತ್ತು. ಅದನ್ನು ಬಗೆಹರಿಸಲು ರೆಬ್ ಲಿಪಾ ಮೇಲಿನ ಮಹಡಿಯಿಂದ ಡಾಕ್ಟರ್ ಝುಸ್ಮನ್‌ರನ್ನೇ ಕರೆತಂದರು.

"ಇವರು ಪಾದದ ಡಾಕ್ಟರಲ್ವಾ?" ಎಂದ ಗೆಡಾಲ್ಯ.

"ಪಾದದಿಂದ ಶುರು ಮಾಡಿದ್ರೂ ಓದಿರೋದು ಪೂರ್ತಿ ಮನುಷ್ಯನನ್ನೇ" ಎಂದರು ಝುಸ್ಮನ್. ಗೆಡಾಲ್ಯ ಮಗನ ಬಲಗಿವಿಗೆ ತನ್ನ ಹೊಟ್ಟೆಯನ್ನು ಅಡ್ಡ ಕೊಟ್ಟು ನಿಂತ. ಡಾಕ್ಟರು ಎಡಗಿವಿಯ ಕುರುಳನ್ನು ಸರಿಸಿ, ಬೆರಳಿಗೆ ಬೆರಳು ಉಜ್ಜಿ, ಹುಬ್ಬು ಗಂಟಿಕ್ಕಿದರು.

"ಅಂಟಂಟಾಗಿದೆಯಲ್ಲ! ಕಿವಿ ಸೋರಿದೆ."

ಗೆಡಾಲ್ಯ ಬೆಚ್ಚಿದ. ಹೇಳಿದ ಸುಳ್ಳು ನಿಜವಾಗಿ ಮಗುವಿಗೆ ತಟ್ಟಿತೇ? ಅಂಟಿನ ಕೈಯಲ್ಲಿ ಪೆಸಿ ಈ ಕಡೆಯೂ ಮುಟ್ಟಿರಬೇಕು ಎಂದು ಸಮಾಧಾನ ಮಾಡಿಕೊಂಡ. ಐದೇ ನಿಮಿಷದಲ್ಲಿ ಫೋನು ಬಡಿದುಕೊಂಡಿತು.

"ನಹೂಮನಿಗೆ ಕಿವಿ ಸೋರ್ತಿದೆಯಂತೆ!" ಎಂದು ಕೂಗಿದಳು ಹೆನ್ಯಾ. "ಲಿಪಾ ಹೆಂಡತಿ ಫೋನ್ ಮಾಡಿದ್ರು. ಯಾವ ಕಿವಿ?"

"ಎಡ."

ಆ ಕಡೆಯ ದನಿ ಥಟ್ಟನೆ ಪಿಸುಮಾತಿಗಿಳಿಯಿತು. "ಎಡಗಿವೀನ ಯಾರಾದ್ರೂ ಮುಟ್ಟಿದ್ರಾ?"

"ಡಾಕ್ಟರ್ ಝುಸ್ಮನ್ ಸ್ವಲ್ಪ..."

"ಮುಟ್ಟಬೇಡಿ ಅನ್ನು! ಗೆಡಾಲ್ಯ, ನಿನ್ನ ದಮ್ಮಯ್ಯ, ಆ ತಲೇನ ಯಾರೂ ಮುಟ್ಟಬಾರದು!"

ಹಿಂದಿನಿಂದ ಮಾವನ ದನಿ ಕೇಳಿಸಿತು. "ಮಗುಗೆ ಹುಷಾರಿಲ್ಲ ಅಂದ್ರೆ ಬಿಡಮ್ಮ, ಮುಂದೆ ಯಾವಾಗಲಾದರೂ ಮಾಡ್ಕೊಳ್ಳಿ. ನಾನಿರ್ತೀನೋ ಇಲ್ವೋ."

ಆ ಕೊನೆಯ ಮಾತು ಗಂಡಹೆಂಡಿರಿಬ್ಬರನ್ನೂ ಚುಚ್ಚಿತು. "ಬೇಡ, ಇವತ್ತೇ ಆಗಲಿ!" ಎಂದು ಇಬ್ಬರೂ ಒಟ್ಟಿಗೇ ಕೂಗಿದರು.

ಸಂಜೆ ಪಕ್ಕದ ಬೀದಿಯ ಪ್ರಾರ್ಥನಾ ಮಂದಿರದ ಹಾಲ್ ತುಂಬಿತ್ತು. ಆಲೂಗಡ್ಡೆ ತುರಿದು ಬೇಯಿಸಿದ ಕೂಗಲ್ ಬಿಸಿಬಿಸಿಯಾಗಿ ಮೇಜಿಗೆ ಬಂದರೂ ಗೆಡಾಲ್ಯ ಅತ್ತ ಸುಳಿಯಲಿಲ್ಲ. ನಹೂಮನನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿ ಬಲಗಡೆ ತಾನು ನಿಂತ. ಏರ್‌ಪೋರ್ಟಿನಿಂದ ನೇರವಾಗಿ ಬಂದ ಹೆನ್ಯಾ, ಯಾರಿಗೂ ನಮಸ್ಕಾರ ಕೂಡ ಹೇಳದೆ ಬಂದು ಎಡಗಡೆ ನಿಂತಳು. ಅರಮನೆ ಬಾಗಿಲ ಕಾವಲುಗಾರರಂತೆ ಇಬ್ಬರೂ ಅಲುಗಲಿಲ್ಲ. ಮಗನ ಕಿವಿಗೆ ನೋವಾದೀತೆಂದು ಎಷ್ಟು ಚಿಂತೆ ಪಾಪ, ಎಂದು ಗೆಡಾಲ್ಯನಿಗೆ ಹೆಂಡತಿಯ ಮೇಲೆ ಮರುಕ ಹುಟ್ಟಿತು.

ರೆಬ್ ಕಲ್ಮನ್ ರಿಬ್ಬನ್ ಕತ್ತರಿ ಹಿಡಿದು ಹಣೆಯ ಮೇಲಿನ ಮೊದಲ ಎಳೆ ಕತ್ತರಿಸಿದರು. ಕಣ್ಣು ಒದ್ದೆಯಾಗಿತ್ತು. ಆಮೇಲೆ ಸಾಲು ಶುರುವಾಯಿತು. ಬಲಗಡೆ ಕೈ ಚಾಚಿದವರಿಗೆ ಗೆಡಾಲ್ಯ "ಹಿಂದೆ, ಹಿಂದೆ ಕತ್ತರಿಸಿ" ಎನ್ನುತ್ತಿದ್ದ. ಎಡಗಡೆ ಚಾಚಿದವರಿಗೆ ಹೆನ್ಯಾ "ಮೇಲೆ, ಮೇಲೆ" ಎನ್ನುತ್ತಿದ್ದಳು. ಡಾಕ್ಟರ್ ಝುಸ್ಮನ್ ಎಡಗಿವಿಯನ್ನು ಇನ್ನೊಮ್ಮೆ ನೋಡುತ್ತೇನೆಂದು ಬಗ್ಗಿದಾಗ ಹೆನ್ಯಾ ಅವರ ಬಾಯಿಗೇ ಒಂದು ಕೂಗಲ್ ತುಂಡು ತುರುಕಿದಳು. ಕೊನೆಗೆ ಮೆಷಿನ್ ಹಿಡಿದು ತಲೆಯನ್ನು ನೇರ್ಪುಮಾಡುವುದು ತಂದೆಯ ಕೆಲಸ. ಬಲಗಿವಿಯ ಸುತ್ತ ಗೆಡಾಲ್ಯ ಉಸಿರು ಬಿಗಿಹಿಡಿದು ಮೆಷಿನ್ ಆಡಿಸಿದ. ಕುರುಳು ಅಲುಗಲಿಲ್ಲ. ಎಡಗಡೆಗೆ ಹೋದಾಗ "ಇದನ್ನ ನಾನು ಹಿಡ್ಕೋತೀನಿ, ನೀನು ದೂರದಿಂದ ಮಾಡು" ಎಂದು ಹೆನ್ಯಾ ಆ ಕುರುಳನ್ನು ಬುಡದಲ್ಲೇ ಒತ್ತಿ ಹಿಡಿದಳು.

ಮುಗಿಯಿತು! ಬೋಳುತಲೆಯ ನಹೂಮ, ಎರಡು ಕಿವಿಗಳ ಮುಂದೆ ಎರಡು ಗುಂಗುರು ಕುರುಳು. ಜನ ಚಪ್ಪಾಳೆ ತಟ್ಟಿ ಹಾಡತೊಡಗಿದರು. ಗೆಡಾಲ್ಯನಿಗೆ ಬೆಳಗಿನಿಂದ ಮೊದಲ ಸಲ ಕಾಲಿನ ಕೆಳಗೆ ನೆಲವಿದೆ ಎನ್ನಿಸಿತು.

ಇನ್ನುಳಿದದ್ದು ಅಕ್ಷರದ ಶಾಸ್ತ್ರ. ರೆಬ್ ಕಲ್ಮನ್ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹೀಬ್ರೂ ಅಕ್ಷರಗಳ ಹಾಳೆಯ ಮೇಲೆ ಬೆರಳಲ್ಲಿ ಜೇನು ಸವರಿ ಒಂದೊಂದನ್ನೇ ಹೇಳಿಕೊಟ್ಟರು. ನಹೂಮ ಹೇಳಿದ, ನೆಕ್ಕಿದ, ಮತ್ತೆ ಹೇಳಿದ. ಅಜ್ಜನ ಮುಖ ಅರಳಿತು. "ಕಲಿಕೆ ಹೀಗೇ ಸಿಹಿಯಾಗಿರಲಿ ಕಂದ" ಎಂದವರೇ ಉಕ್ಕಿಬಂದ ಅಕ್ಕರೆಯಲ್ಲಿ ಮೊಮ್ಮಗನ ಕಿವಿಗುರುಳನ್ನು ನೇವರಿಸಿದರು.

ಎಡಗಡೆಯದು, ಸದ್ಯ! ಎಂದು ಗೆಡಾಲ್ಯ ನಿಟ್ಟುಸಿರು ಬಿಡುವಷ್ಟರಲ್ಲಿ ಆ ಕುರುಳು ಜೇನಿನ ಬೆರಳಿಗೆ ಅಂಟಿಕೊಂಡು, ಕಿವಿ ಬಿಟ್ಟು ಅಜ್ಜನ ಕೈಗೇ ಬಂದುಬಿಟ್ಟಿತು.

ಹಾಡು ನಿಂತಿತು. ಗೆಡಾಲ್ಯ ಕಣ್ಣುಜ್ಜಿಕೊಂಡು ನೋಡಿದ. ಎಡಗಡೆ! ತಾನು ಮುಟ್ಟಿಯೇ ಇರಲಿಲ್ಲ. ತೆಮಿಯೂ ಮುಟ್ಟಿರಲಿಲ್ಲ. ದೂರದಲ್ಲಿ ಪೆಸಿ ಚಾವಣಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಹೆನ್ಯಾಳ ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳು ಗಂಡನ ತೋಳನ್ನು ಗಟ್ಟಿಯಾಗಿ ಹಿಡಿದು ಕಿವಿಯಲ್ಲಿ ಉಸುರಿದಳು. "ಗುರುವಾರ ಚೂಯಿಂಗ್ ಗಮ್ ಅಂಟಿಸ್ಕೊಂಡುಬಿಟ್ಟಿದ್ದ. ಕತ್ತರಿಸದೆ ಬೇರೆ ದಾರಿ ಇರಲಿಲ್ಲ. ಪೆಸಿ ಹತ್ರ ಅಂಟಿಸ್ಕೊಂಡು ಬಂದೆ. ಅಪ್ಪಂಗೆ ಗೊತ್ತಾಗಬಾರದು, ನಿನ್ನ ಕಾಲಿಗೆ ಬೀಳ್ತೀನಿ."

"ಎಡಗಿವಿ ನೋವು!" ರೆಬ್ ಲಿಪಾ ಹಣೆ ಬಡಿದುಕೊಂಡರು. "ಉಣ್ಣೆ ಟೋಪಿ! ಈಗ ಗೊತ್ತಾಯ್ತು ನೋಡಿ ಇವನ ಆಟ!"

"ಅಂಟಿದೆ ಅಂತ ನಾನು ಹೇಳ್ಲಿಲ್ವಾ?" ಎಂದರು ಡಾಕ್ಟರ್ ಝುಸ್ಮನ್.

ಇಡೀ ಹಾಲ್ ಗೆಡಾಲ್ಯನತ್ತ ತಿರುಗಿತು. ರೆಬ್ ಕಲ್ಮನ್ ಕುರುಳನ್ನು ಅಂಗೈಯಲ್ಲಿಟ್ಟುಕೊಂಡು ಅಳಿಯನನ್ನೇ ನೋಡಿದರು. ಹೆಂಡತಿಯ ಬೆರಳುಗಳು ಅವನ ತೋಳಿನಲ್ಲಿ ನಾಟಿದ್ದವು. ಅವಳ ಭಯ ತನ್ನ ಭಯದಷ್ಟೇ ದೊಡ್ಡದು ಎಂದು ಅವನಿಗೆ ಆಗ ಅರಿವಾಯಿತು. ಪ್ರೀತಿಯೂ ಬಂತು, ಅದರ ಹಿಂದೆಯೇ ಎಲ್ಲಿಲ್ಲದ ಧೈರ್ಯವೂ ಬಂತು.

"ನಾನೇ ಮಾವ" ಎಂದ ಗೆಡಾಲ್ಯ. "ಕಣ್ಣುತಪ್ಪಿ ಆಯ್ತು. ನಿಮಗೆ ಬೇಜಾರಾಗುತ್ತೆ ಅಂತ ಅಂಟಿಸಿದ್ದೆ. ಕ್ಷಮಿಸಿಬಿಡಿ."

ಮುದುಕರು ಗಡ್ಡ ನೀವಿಕೊಂಡರು. ಆಮೇಲೆ ಅವರ ಮುಖ ಮೆಲ್ಲಗೆ ಸಡಿಲವಾಯಿತು.

"ನಿಜ ಒಪ್ಪಿಕೊಂಡೆಯಲ್ಲ, ಅಷ್ಟು ಸಾಕು" ಎಂದರು. "ನಿನ್ನನ್ನ ನಾನು ತಪ್ಪು ತಿಳ್ಕೊಂಡಿದ್ದೆ ಮಗನೇ. ನೀನು ಪ್ರಾಮಾಣಿಕ. ಕೂದಲೇನು, ಬೆಳೆಯುತ್ತೆ. ಹೋಗಿದ್ದು ಹೋಯ್ತು, ದೇವರು ಇನ್ನೊಂದನ್ನಾದ್ರೂ ಗಟ್ಟಿಯಾಗಿ ಉಳಿಸಿದಾನಲ್ಲ!"

ಹಾಗೆಂದವರೇ ಜೇನು ಮೆತ್ತಿದ ಬೆರಳುಗಳಿಂದ ಬಲಗಿವಿಯ ಕುರುಳನ್ನು ಹಿಡಿದು, ಎಲ್ಲರಿಗೂ ಕಾಣುವಂತೆ ಅಕ್ಕರೆಯಿಂದ ಎಳೆದರು.