ಹದಿನಾರು ಕೋರಿನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚು ಬಂಗಾರವನ್ನೋ ಸೀರೆಯನ್ನೋ ಕಂಡು ಬಂದರೆ ಅದಕ್ಕೊಂದು ಮರ್ಯಾದೆಯಾದರೂ ಇದೆ. ನನಗೆ ಬಂದದ್ದು ಒಂದು ಕರಿ ಡಬ್ಬಿಯನ್ನು ಕಂಡು. ಅಡಿಕೆ ಸುಲಿಯುವ ಯಂತ್ರದಂಥವುಗಳು ತಯಾರಾಗುವ ಮೊದಲೇ ಎಲ್ಲಿ ಬಾಗುತ್ತವೆ, ಎಲ್ಲಿ ಮುರಿಯುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುವುದು ದರ್ಬೆಯ ನಮ್ಮ ಪುಟ್ಟ ಆಫೀಸಿನ ಕೆಲಸ. ನನ್ನ ಕಂಪ್ಯೂಟರ್ ಈ ಲೆಕ್ಕಕ್ಕೆ ಕೂತರೆ, ನಾನು ಚಹಾ ಕುಡಿದು, ಮಲ್ಲಿಗೆ ಕೊಂಡು, ಹೂವಿನವಳ ನಾದಿನಿಯ ಮದುವೆಯ ಸುದ್ದಿ ಪೂರ್ತಿ ಕೇಳಿ ಬಂದರೂ ಅದು ಇನ್ನೂ ಏದುಸಿರು ಬಿಡುತ್ತಿರುತ್ತದೆ. ಹೊಸದು ಬಂದರೆ ನನಗೇ ಎಂದು ಆಫೀಸಿನ ಗೋಡೆಗೂ ಗೊತ್ತಿತ್ತು. ಬಂತು. ಬಂದು ಮೊನ್ನೆ ಮೊನ್ನೆ ಸೇರಿದ ಅಶ್ರಫನ ಮೇಜಿನ ಮೇಲೆ ಕೂತಿತು.

ಅದಕ್ಕೆ ಹದಿನಾರು ಕೋರುಗಳಂತೆ. ಅಂದರೆ ಒಂದೇ ಲೆಕ್ಕವನ್ನು ಪಾಲು ಮಾಡಿಕೊಂಡು ಒಟ್ಟೊಟ್ಟಿಗೆ ಮುಗಿಸುವ ಹದಿನಾರು ಕೈಗಳು. ನನ್ನದಕ್ಕೆ ನಾಲ್ಕೇ. "ಸುಮಕ್ಕ, ನಿಮಗೆ ಬೇಕಾದ್ರೆ ಇದರಲ್ಲೇ ಮಾಡಿ" ಎಂದ ಅಶ್ರಫ್. ಹೀಗೆ ಒಳ್ಳೆಯವನಾಗಿರುವುದರಿಂದಲೇ ಅವನನ್ನು ಕಂಡರೆ ನನಗೆ ಮೈ ಉರಿಯುವುದು. ಕೆಟ್ಟವನಾಗಿದ್ದರೆ ಬೈದಾದರೂ ಸಮಾಧಾನ ಪಡಬಹುದಿತ್ತು.

ಆಫೀಸಿನ ಧಣಿ ಸುಳ್ಯದ ಗೌಡರು ನನ್ನನ್ನು ಕರೆದರು. "ನಮ್ಮ ಸಾಫ್ಟ್‌ವೇರಿಗೆ ಅಷ್ಟು ಕೋರಿನಿಂದ ನಿಜಕ್ಕೂ ಉಪಕಾರ ಉಂಟಾ ಅಂತ ನೀವೇ ಟೆಸ್ಟ್ ಮಾಡಿ ಹೇಳಿ ಸುಮಾ. ಮತ್ತೆ ಮುಂದಿನದ್ದು ನೋಡುವ." ಮುಂದಿನದ್ದು ಎಂದರೆ ಯಾವುದೆಂದು ಕೇಳುವ ತಾಳ್ಮೆ ನನಗೆಲ್ಲಿ? ಆ ಡಬ್ಬಿಯ ಮಾನ ಕಳೆಯುವ ಅಧಿಕಾರ ಕೈಗೆ ಸಿಕ್ಕಿತ್ತು.

ನ್ಯಾಯವಾಗಿ ಅಡಿಕೆ ಸುಲಿಯುವ ಇಡೀ ಯಂತ್ರವನ್ನೇ ಲೆಕ್ಕಕ್ಕೆ ಹಾಕಬೇಕು. ನಾನು ಹುಡುಕಿ ಹುಡುಕಿ ಅದರ ಮೋಟರನ್ನು ಹಿಡಿದಿಡುವ ಅಂಗೈಯಗಲದ ಬ್ರಾಕೆಟ್ ಒಂದನ್ನು ಹಾಕಿದೆ. ಅಷ್ಟು ಸಣ್ಣ ಕೆಲಸವನ್ನು ಹದಿನಾರು ಕಡೆಗೆ ಹಂಚಿ ಮತ್ತೆ ಒಟ್ಟುಗೂಡಿಸುವುದರಲ್ಲೇ ಹೊತ್ತು ಹೋಗುತ್ತದೆಂದು ಗೊತ್ತಿದ್ದೇ ಹಾಕಿದ್ದು. ಹಾಗೆಯೇ ಆಯಿತು. ನಾಲ್ಕು ಕೋರಿನಲ್ಲಿ ಚಕ್ಕನೆ ಮುಗಿದದ್ದು ಹದಿನಾರರಲ್ಲಿ ತಡವಾಯಿತು. ನನ್ನ ಹೊಟ್ಟೆ ತಣ್ಣಗಾಯಿತು.

"ದೊಡ್ಡದೊಂದು ಹಾಕಿ ನೋಡುವನಾ ಅಕ್ಕ?" ಎಂದ ಅಶ್ರಫ್.

"ಬೇಡ ಮಾರಾಯ, ಕಂಡಾಯ್ತಲ್ಲ" ಎಂದೆ.

ಗೌಡರಿಗೆ ಅರ್ಥವಾಗುವ ಹಾಗೆ ವಿವರಿಸಿದೆ. "ಒಂದು ಪಂಕ್ತಿಗೆ ಊರಿನವರೆಲ್ಲ ಬಡಿಸಲಿಕ್ಕೆ ಇಳಿದ ಹಾಗೆ ಸರ್. ಸಾರಿನವ ಹೋಗಿ ಪಾಯಸದವನಿಗೆ ತಾಗುದು. ನಾಲ್ಕು ಜನ ಧಾರಾಳ ಸಾಕು."

ಗೌಡರು ತಲೆದೂಗಿದರು. "ಒಳ್ಳೆದಾಯ್ತು ಮಾರಾಯ್ರೆ ಹೇಳಿದ್ದು. ನಿಮಗೆ ಅದಕ್ಕಿಂತಲೂ ದೊಡ್ಡದೊಂದು ತರಿಸುವ ಅಂತ ಇದ್ದೆ. ಇನ್ನು ಬೇಡ. ನಿಮ್ಮದರಲ್ಲಿ ನಾಲ್ಕು ಉಂಟಲ್ಲ?"

ಉಂಟು. ಈಗ ಇಡೀ ಯಂತ್ರದ ಲೆಕ್ಕ ಆ ನಾಲ್ಕರಲ್ಲೇ ತೆವಳುತ್ತಿದೆ. ಚಹಾ ಆಯಿತು, ಮಲ್ಲಿಗೆಯಾಯಿತು, ಹೂವಿನವಳ ನಾದಿನಿ ಗಂಡನ ಮನೆಗೆ ಹೋಗಿಯೂ ಆಯಿತು. "ಅಕ್ಕ, ನನ್ನದು ಖಾಲಿ ಉಂಟು, ಇದಕ್ಕೆ ಹಾಕಿ, ಈಗ ಮುಗಿತದೆ" ಎಂದು ಅಶ್ರಫ್ ಪಾಪ ಮತ್ತೆ ಕರೆದ. ಪಕ್ಕದಲ್ಲೇ ಗೌಡರು ಕೂತಿದ್ದರು.

"ಬೇಡ, ನಿನ್ನದು ನಿಧಾನ" ಎಂದೆ.