ತಾಮ್ರದುಗುರಿನಾಕೆಯ ಕೈಯನ್ನು ದಯವಿಟ್ಟು ಇಳಿಸಿಕೊಡಬೇಕೆಂದು

ಮಹಾಲೇಖಕರಾದ ಎಮಿಲ್‌ಬೆಕ್ ತುರ್ದುಮಾತೋವ್ ಅವರ ಸನ್ನಿಧಾನಕ್ಕೆ, ಬಿಶ್ಕೆಕ್ ನಗರದ ಹೊರಬದಿಯ ಹೊಲಿಗೆ ಕಾರ್ಖಾನೆಯೊಂದರಲ್ಲಿ ಪುಸ್ತಕ ಓದಿ ಹೇಳುವ ಕೆಲಸದಲ್ಲಿರುವ ಬೂರುಲ್ ಅಸಾನಲಿಯೇವಾ ಮಾಡಿಕೊಳ್ಳುವ ಬಹಿರಂಗ ಬಿನ್ನಹ.

ಮಾನ್ಯರೇ,

ತಾವು ಕ್ಷೇಮವೇ? ಮನೆಯವರು, ಮಕ್ಕಳು, ಊರಿನಲ್ಲಿ ಬಿಟ್ಟುಬಂದ ಕುರಿ ಕುದುರೆಗಳು ಕ್ಷೇಮವೇ? ಬರೆಯುವ ಕೈ ಕ್ಷೇಮವೇ? ಆರುನೂರ ಹನ್ನೆರಡು ಪುಟಗಳ ಎರಡನೆಯ ಭಾಗವನ್ನು ಒಂದೇ ಚಳಿಗಾಲದಲ್ಲಿ ಮುಗಿಸಿದ ಕೈಯಾದ್ದರಿಂದ ಈ ಕೊನೆಯ ಪ್ರಶ್ನೆಯನ್ನು ನಾನು ಬರಿಯ ಮರ್ಯಾದೆಗಾಗಿ ಕೇಳುತ್ತಿಲ್ಲ, ನಿಜವಾದ ಕಾಳಜಿಯಿಂದಲೇ ಕೇಳುತ್ತಿದ್ದೇನೆ. ಇದಕ್ಕೆ ಮೊದಲು ತಮಗೆ ಖಾಸಗಿಯಾಗಿ ಎರಡು ಪತ್ರ ಬರೆದಿದ್ದೆ. ಮೊದಲನೆಯದಕ್ಕೆ ತಾವು ಒಂಬತ್ತು ಪುಟಗಳ ಉತ್ತರ ದಯಪಾಲಿಸಿ, ಅದರಲ್ಲಿ ಏಳು ಪುಟಗಳನ್ನು ಪತ್ರ ಬರೆಯುವ ಪದ್ಧತಿ ನಮ್ಮ ಬೆಟ್ಟಗಳನ್ನು ದಾಟಿ ಹೇಗೆ ಬಂತು ಎಂಬುದಕ್ಕೆ ಮೀಸಲಿಟ್ಟಿರಿ. ಎರಡನೆಯ ಉತ್ತರವನ್ನು ಇನ್ನೂ ಓದುತ್ತಿದ್ದೇನೆ, ನನ್ನ ಪ್ರಶ್ನೆಯ ಹತ್ತಿರ ಬರುವ ಲಕ್ಷಣ ಕಾಣುತ್ತಿದೆ.

ನನ್ನ ಪರಿಚಯವನ್ನು ಚಿಕ್ಕದಾಗಿ ಹೇಳುತ್ತೇನೆ, ಚಿಕ್ಕದಾಗಿಯೂ ಹೇಳಬಹುದು ಎಂಬುದು ತಮಗೆ ಹೊಸ ಸಂಗತಿಯಾಗಿದ್ದರೆ ಕ್ಷಮಿಸಿ. ಇಪ್ಪತ್ತಾರು ವರ್ಷ ಬಟ್ಟೆಯಂಚು ಹೊಲಿಯುವ ಓವರ್‌ಲಾಕ್ ಯಂತ್ರದ ಮುಂದೆ ಕೂತವಳು ನಾನು. ಎರಡು ವರ್ಷದ ಹಿಂದೆ ಕೈ ನಡುಗಲು ಶುರುವಾಗಿ, ಮನೆಗೆ ಹೋಗಬೇಕಾದ ದಿನ ಬಂದಾಗ, ನಮ್ಮ ಮೇಲ್ವಿಚಾರಕಿ ತಾಜಿಗುಲ್ ಎಜೆ (ನನಗಿಂತ ಎರಡು ವರ್ಷ ದೊಡ್ಡವರು, ಆದ್ದರಿಂದ ನನಗೂ ಅವರು ಎಜೆಯೇ, ಅಕ್ಕನೇ) ಹೀಗೆಂದರು: "ಕೈ ಹೋದ್ರೆ ಹೋಗ್ಲಿ ಬಿಡೇ, ಬಾಯಿ ಗಟ್ಟಿಯಾಗಿದ್ಯಲ್ಲ. ಇಸ್ತ್ರಿ ಮೇಜಿನ ಪಕ್ಕ ಕುರ್ಚಿ ಹಾಕ್ಕೊಂಡು ಏನಾದ್ರೂ ಓದು. ಈ ರೇಡಿಯೋ ಕೇಳೀ ಕೇಳೀ ನನ್ನ ತಲೆ ಚಿಟ್ಟು ಹಿಡಿದಿದೆ." ಹನ್ನೆರಡು ಯಂತ್ರಗಳ ಸದ್ದಿನ ಮೇಲೆ ನನ್ನ ದನಿ ಕೇಳಲೆಂದು ಅವರ ಮೈದುನ, ಮದುವೆಯೂಟಗಳಲ್ಲಿ ನಿರೂಪಣೆ ಮಾಡುವವನು, ತನ್ನ ಹಳೆಯ ಮೈಕನ್ನೂ ಗಾಲಿಯ ಧ್ವನಿಪೆಟ್ಟಿಗೆಯನ್ನೂ ಕೊಟ್ಟ. ಪೆಟ್ಟಿಗೆಯ ಬಣ್ಣಬಣ್ಣದ ದೀಪಗಳನ್ನು ಆರಿಸಲು ಬರುವುದಿಲ್ಲ, ಆದ್ದರಿಂದ ತಮ್ಮ ಕೃತಿಯ ಸಾವುನೋವುಗಳೆಲ್ಲ ನಮ್ಮಲ್ಲಿ ಹಸಿರು, ನೇರಳೆ ಬೆಳಕಿನಲ್ಲೇ ನಡೆದಿವೆ. ಗಂಡ ತೀರಿಕೊಂಡ ಮೇಲೆ ನನ್ನ ಮನೆಯಲ್ಲಿ ಗಡಿಯಾರ ಬಿಟ್ಟರೆ ಮಾತಾಡುವವರಿಲ್ಲ. ಆ ಕುರ್ಚಿ ಹೋದರೆ ನನಗೆ ಬೇರೆ ಲೋಕವಿಲ್ಲ ಎಂಬುದನ್ನು ತಾವು ದಯವಿಟ್ಟು ನೆನಪಿನಲ್ಲಿಟ್ಟುಕೊಂಡು ಮುಂದೆ ಓದಬೇಕು.

ತಮ್ಮ ಮೊದಲ ಭಾಗ! ಆಹಾ, ಮಾನ್ಯರೇ! ಟ್ರಾಲಿಬಸ್ಸಿನ ತಂತಿ ರಿಪೇರಿ ಮಾಡುವ ತಿಲೆಕ್ ಎಂಬ ಹುಡುಗನಿಗೆ ನಗರದಲ್ಲಿ ಮರೆಯಾಗಿ ಬದುಕುವ ಪಿಶಾಚಿಗಳೆಲ್ಲ ಕಾಣತೊಡಗುವುದು, ಓಶ್ ಬಜಾರಿನಲ್ಲಿ ಒಣದ್ರಾಕ್ಷಿ ಮಾರುವವಳು ಕೈಗವಸು ತೆಗೆದಾಗ ತಾಮ್ರದ ಉಗುರು ಹೊಳೆಯುವುದು, ಅವನು ಔಷಧಿ ಅಂಗಡಿಯ ಮೇರಿಮಳನ್ನು ಎಳೆದುಕೊಂಡು ಓಡುವುದು! ಅವನು ಓಡಿದರೆ ನಮ್ಮವರ ಕಾಲು ಪೆಡಲಿನ ಮೇಲೆ ತಾನಾಗಿ ಒತ್ತುತ್ತಿತ್ತು. ಆ ಸಲ ಶಾಲಾ ಮಕ್ಕಳ ಅಂಗಿಗಳು ನಾಲ್ಕು ದಿನ ಮೊದಲೇ ತಯಾರಾದವು. ಕಾಲರ್ ಹೊಲಿಯುವ ಅನಿಪಾ ಉಚ್ಚೆ ಹೋಗಲು ಕೂಡ ಏಳದೆ ಕೂತಿದ್ದಳು, ಇದನ್ನು ಬರೆಯಬಾರದಿತ್ತು, ಆದರೆ ಯಾವ ವಿಮರ್ಶಕನೂ ತಮಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಕೊಟ್ಟಿರಲಾರ.

ಈ ಆಗಸ್ಟಿನಲ್ಲಿ ಎರಡನೆಯ ಭಾಗ ಬಂತು. ಮತ್ತೆ ಶಾಲೆಯ ಅಂಗಿಗಳು, ಮತ್ತೆ ಸೆಪ್ಟೆಂಬರ್ ಒಂದರ ಗಡುವು. ಮೂವತ್ತೊಂದನೆಯ ಪುಟದಲ್ಲಿ ತಿಲೆಕ್ ಬಸ್ ನಿಲ್ದಾಣದಲ್ಲಿ ಒಂಟಿಯಾಗಿ ನಿಂತಿದ್ದಾನೆ, ಹಿಂದಿನಿಂದ ತಾಮ್ರದುಗುರಿನಾಕೆ ಬಂದು ಅವನ ಕುತ್ತಿಗೆಗೆ ಸರಿಯಾಗಿ ಕೈ ಎತ್ತಿದ್ದಾಳೆ. ಹನ್ನೆರಡು ಯಂತ್ರಗಳೂ ಉಸಿರು ಹಿಡಿದವು. ನಾನು ಪುಟ ತಿರುಗಿಸಿದೆ. "ತಾಮ್ರದುಗುರಿನವರು ಯಾರೆಂದು ಓದುಗರು ಕೇಳಬಹುದು" ಎಂದು ತಾವು ಬರೆದಿದ್ದಿರಿ.

ಓದುಗರು ಕೇಳಿರಲಿಲ್ಲ, ಮಾನ್ಯರೇ. ಆದರೂ ತಾವು ಹೇಳಿದಿರಿ. ತಾಮ್ರ ಎಲ್ಲಿ ಸಿಗುತ್ತದೆ, ಯಾರು ಅಗೆದರು, ಅಗೆದವರ ಊಟಕ್ಕೆ ಏನಿತ್ತು, ಹಿಂದಿನ ಸರ್ಕಾರದ ಕಾಲದಲ್ಲಿ ಪಿಶಾಚಿಗಳ ನೋಂದಣಿ ಕಚೇರಿ ಯಾವ ಬೀದಿಯಲ್ಲಿತ್ತು, ಅದರ ಹನ್ನೊಂದು ವಿಭಾಗಗಳು ಯಾವುವು, ಎಲ್ಲವನ್ನೂ ಹೇಳಿದಿರಿ. ನಡುವೆ ಮೊದಲ ಭಾಗದ ಕಥೆಯನ್ನು, ಅದನ್ನು ಬಾಯಿಪಾಠ ಮಾಡಿಕೊಂಡಿದ್ದ ನಮಗೆ, ಇಪ್ಪತ್ತು ಪುಟಗಳಲ್ಲಿ ಇನ್ನೊಮ್ಮೆ ಹೇಳಿದಿರಿ. ತಿಲೆಕನ ಗೆಳೆಯ, ಹದಿನಾಲ್ಕು ವರ್ಷದಿಂದ ಅವನ ಜೊತೆ ಅದೇ ಡಿಪೋದಲ್ಲಿ ಕೆಲಸ ಮಾಡುವವನು, "ನಿನಗೆ ತಿಳಿದಿರುವಂತೆ ನಾವಿಬ್ಬರೂ ಹದಿನಾಲ್ಕು ವರ್ಷದಿಂದ ಇದೇ ಡಿಪೋದಲ್ಲಿ ಕೆಲಸ ಮಾಡುತ್ತಿದ್ದೇವೆ" ಎಂದು ಶುರುಮಾಡಿ ಡಿಪೋ ಕಟ್ಟಿದ ಇತಿಹಾಸ ಹೇಳಿದಾಗ, ತಿಲೆಕ್ ಕೋಪಿಸಿಕೊಳ್ಳದೆ "ಹೌದು, ಮತ್ತು ನಿನಗೆ ತಿಳಿದಿರುವಂತೆ" ಎಂದು ಉಳಿದದ್ದನ್ನು ತಾನೇ ಹೇಳಿದ. ಎಂಬತ್ತೆಂಟನೆಯ ಪುಟದ ಅಡಿಟಿಪ್ಪಣಿಗೂ ಒಂದು ಅಡಿಟಿಪ್ಪಣಿ ಇದೆ. ಅದನ್ನು ಮೈಕಿನಲ್ಲಿ ಯಾವ ದನಿಯಲ್ಲಿ ಓದಬೇಕೆಂದು ತಿಳಿಯದೆ ನಾನು ಪಿಸುಗುಟ್ಟಿದೆ.

ಇದರಿಂದ ಲಾಭವೇ ಆಗಲಿಲ್ಲ ಎನ್ನಲಾರೆ. ಗುಂಡಿ ಹಚ್ಚುವ ಜೂರಾ, ಗಂಡ ದುಡಿಯಲು ರಷ್ಯಾಕ್ಕೆ ಹೋದಂದಿನಿಂದ ನಿದ್ದೆಯಿಲ್ಲದೆ ಒದ್ದಾಡುತ್ತಿದ್ದವಳು, ಅರವತ್ತನಾಲ್ಕನೆಯ ಪುಟದಲ್ಲಿ ಗುಂಡಿಗಳ ಡಬ್ಬದ ಮೇಲೆ ಕೆನ್ನೆಯಿಟ್ಟು ಮಗುವಿನಂತೆ ಮಲಗಿದಳು. ಎದ್ದಾಗ ಕೆನ್ನೆಯ ಮೇಲೆ ನಾಲ್ಕು ತೂತಿನ ಗುಂಡಿಯ ಅಚ್ಚಿತ್ತು. ಅವಳ ತಾಯಿ ತಮ್ಮನ್ನು ಮನಸಾರೆ ಹರಸಿದ್ದಾರೆ.

ಉಳಿದವರಿಗೆ ಆ ಎತ್ತಿದ ಕೈಯದೇ ಚಿಂತೆ. ದಿನವೂ ಬೆಳಿಗ್ಗೆ ಅನಿಪಾ ಕೇಳುತ್ತಿದ್ದಳು: "ಎಜೆ, ಆ ಯಮ್ಮ ಕೈ ಇಳಿಸಿದ್ಲಾ?"

"ಇಲ್ಲ ಕಣೇ."

"ಅಯ್ಯೋ ಪಾಪ, ಒಂಬತ್ತು ದಿನ ಆಯ್ತಲ್ಲ! ತೋಳು ಬಿದ್ದುಹೋಗಲ್ವಾ? ಅವನಾದ್ರೂ ಏನು ಗರ ಬಡಿದ ಹಾಗೆ ನಿಂತಿದಾನೆ, ಒಂದು ಹೆಜ್ಜೆ ಪಕ್ಕಕ್ಕೆ ಹೋಗಬಾರ್ದಾ? ಇಷ್ಟೊತ್ತಿಗೆ ನಾಲ್ಕು ಬಸ್ಸು ಬಂದು ಹೋಗಿರ್ತಿದ್ವು."

ಜೂರಾ ಪರೀಕ್ಷೆಗೆಂದು ತಾನೇ ಕೈ ಎತ್ತಿ ಕೂತು, ಒಂದೇ ಕೈಯಲ್ಲಿ ಗುಂಡಿ ಹಚ್ಚಲು ಹೋಗಿ, ಕಾಜಾ ಇರುವ ಕಡೆಯೇ ಗುಂಡಿ ಹಚ್ಚಿದಳು. ಅನಿಪಾ ತೂಕಡಿಸುತ್ತಾ ಹದಿನೆಂಟು ಅಂಗಿಗಳ ಕುತ್ತಿಗೆಯನ್ನೇ ಹೊಲಿದು ಮುಚ್ಚಿದಳು. ತಾಜಿಗುಲ್ ಎಜೆ ಅವುಗಳನ್ನು ನನ್ನ ಮುಂದೆ ಹರಡಿ ಹೇಳಿದರು: "ತಲೆ ಇಲ್ಲದ ಮಕ್ಕಳು ಯಾವ ಶಾಲೆಗೆ ಹೋಗ್ತಾರೆ ಬೂರುಲ್? ಶುಕ್ರವಾರದವರೆಗೆ ನೋಡ್ತೀನಿ. ಆ ಹೆಂಗಸು ಕೈ ಇಳಿಸಿದ್ರೆ ಸರಿ, ಇಲ್ದಿದ್ರೆ ರೇಡಿಯೋ ಹಾಕ್ತೀನಿ. ನನ್ನ ಮೇಲೆ ಬೇಜಾರು ಮಾಡ್ಕೋಬೇಡ." 

ಆ ಹೊತ್ತಿಗೇ ಸರಿಯಾಗಿ ತಾವು ಪೂರ್ವಜರನ್ನು ಕರೆತಂದಿರಿ. ಏಳು ತಲೆಮಾರಿನ ತಂದೆಯರ ಹೆಸರು ಹೇಳಲು ಬಾರದವನು ನಮ್ಮಲ್ಲಿ ಮನುಷ್ಯನೇ ಅಲ್ಲ, ಒಪ್ಪಿದೆ. ಆದರೆ ಮನೆಗೆ ಹೆಣ್ಣು ಕೇಳಲು ಬಂದವರೂ ಆ ಏಳು ಹೆಸರು ಹೇಳಿ, ಚಹಾ ಕುಡಿದು, ಕತ್ತಲಾಗುವ ಮೊದಲು ಎದ್ದು ಹೋಗುತ್ತಾರೆ. ತಾವು ತಿಲೆಕನ ಏಳು ಜನರನ್ನು ಹೇಳಿದಿರಿ, ಟಿಕೆಟ್ ಕೊಡುವವಳ ಏಳು ಜನರನ್ನು ಹೇಳಿದಿರಿ, ನಿಲ್ದಾಣದ ಪಕ್ಕ ಪೇಪರ್ ಮಾರುವವನ ಏಳು ಜನರನ್ನು, ಅವನು ಪುಸ್ತಕದಲ್ಲಿ ಮತ್ತೆಂದೂ ಬರುವುದಿಲ್ಲವಾದರೂ, ಒಬ್ಬರನ್ನೂ ಬಿಡದೆ ಹೇಳಿದಿರಿ. ಮತ್ತು ನೂರಾ ಹತ್ತೊಂಬತ್ತನೆಯ ಪುಟದಲ್ಲಿ ಮೇರಿಮಳ ಏಳು ಜನರನ್ನು ಹೇಳಿದಿರಿ.

ಅನಿಪಾಳ ಯಂತ್ರ ನಿಂತಿತು. "ಎಜೆ, ಇನ್ನೊಂದ್ಸಲ ಓದಿ. ಐದನೆಯವನು ಯಾರು?"

"ಒಕ್ಕಣ್ಣಿನ ತೊಗುಜ್‌ಬೈ."

"ತಿಲೆಕನ ಐದನೆಯವನೂ ಒಕ್ಕಣ್ಣಿನ ತೊಗುಜ್‌ಬೈಯೇ ಅಲ್ವಾ?"

ಹೆಸರು ಒಂದೇ ಇದ್ದ ಮಾತ್ರಕ್ಕೆ ಆಳು ಒಬ್ಬನೇ ಆಗಬೇಕಿಲ್ಲ ಎಂದು ನಾನು ತಮ್ಮ ಪರವಾಗಿ ವಾದಿಸಿದೆ. ಆದರೆ ತಾವು ಅವನ ಕಣ್ಣು ಹೇಗೆ ಹೋಯಿತೆಂಬುದನ್ನು ಎರಡೂ ಕಡೆ ವಿವರಿಸಿದ್ದೀರಿ. ಕುಕ್ಕಿದ್ದು ತೊಂಬತ್ತೆರಡನೆಯ ಪುಟದಲ್ಲೂ ಅದೇ ಹದ್ದು, ನೂರಾ ಹತ್ತೊಂಬತ್ತರಲ್ಲೂ ಅದೇ ಹದ್ದು. ತಿಲೆಕ್ ಮತ್ತು ಮೇರಿಮ್ ಒಂದೇ ರಕ್ತ, ಏಳು ತಲೆಮಾರಿನೊಳಗೆ ನಮ್ಮಲ್ಲಿ ಮದುವೆಯೇ ಕೂಡದು! ಎರಡು ಭಾಗಗಳಿಂದ ನಾವು ಮದುವೆ ಮಾಡಿಸಲು ಹಾತೊರೆಯುತ್ತಿದ್ದ ಜೋಡಿ ಅಣ್ಣತಂಗಿ! ಹನ್ನೆರಡು ಯಂತ್ರಗಳೂ ನಿಂತವು. ಜೂರಾಳ ನಿದ್ದೆ ಹಾರಿತು. "ಥೂ! ಮೊದಲ ಭಾಗದಲ್ಲಿ ಮುತ್ತು ಬೇರೆ ಕೊಟ್ಟಿದಾನೆ!" ಎಂದು ಅನಿಪಾ ಕೈಲಿದ್ದ ಕಾಲರನ್ನು ನೆಲಕ್ಕೆ ಬಿಸಾಡಿದಳು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗದಿದ್ದ ಸಂಗತಿಯನ್ನು ತಾವೇ ಅಗೆದು ತೆಗೆದು, ತೊಳೆದು, ನಮ್ಮ ಕೈಗಿಟ್ಟಿರಿ.

ಆ ಸಂಜೆ ಮನೆಯಲ್ಲಿ, ಜೀವನದಲ್ಲಿ ಮೊದಲ ಸಲ, ನಾನು ಪುಸ್ತಕದ ಕೊನೆಯನ್ನು ಕದ್ದು ನೋಡಿದೆ. ಐನೂರಾ ತೊಂಬತ್ತನೆಯ ಪುಟದಲ್ಲಿ ಮದುವೆ. ಕುದುರೆಗಳು, ಬಿಳಿ ಶಾಲು, ನಾಲ್ಕು ಪುಟಗಳಷ್ಟು ಅಡುಗೆಯ ಪಟ್ಟಿ. ಇದನ್ನು ಆ ಮೈಕಿನಲ್ಲಿ ಓದಿದರೆ ಪುಸ್ತಕ ಒಲೆಗೂ ನಾನು ಮನೆಗೂ ಹೋಗುವುದು ಖಂಡಿತವಾಗಿತ್ತು. ನಾನು ಹೆದರಿದೆ, ಮಾನ್ಯರೇ. ಹೆದರಿದ್ದರಿಂದಲೇ ಆ ಅಪರಾಧ ಮಾಡಿದೆ.

ಸೋಮವಾರ ಬೆಳಿಗ್ಗೆ ತಮ್ಮ ಪುಸ್ತಕವನ್ನು ತೆರೆದು ಹಿಡಿದು, ಅದರಲ್ಲಿ ಇಲ್ಲದ ಮಾತನ್ನು ಗಟ್ಟಿಯಾಗಿ ಓದಿದೆ: "ತಾಮ್ರದುಗುರು ಕೆಳಗಿಳಿಯಿತು." ಅಷ್ಟೇ. ಹನ್ನೆರಡು ಪೆಡಲುಗಳೂ ಒಟ್ಟಿಗೆ ಒತ್ತಿದ ಸದ್ದಿಗೆ ಕಿಟಕಿಯ ಗಾಜು ನಡುಗಿತು. ಮಂಗಳವಾರ ತಿಲೆಕನನ್ನು ಟ್ರಾಲಿಬಸ್ಸಿನ ಮೇಲೆ ಹತ್ತಿಸಿದೆ. ಬುಧವಾರ ಮೇರಿಮಳಿಗೆ ಒಕ್ಕಣ್ಣಿನ ಅಜ್ಜನ ಸುದ್ದಿ ತಿಳಿಯಿತು, ಅವಳು ಅವನ ಉಂಗುರ ತೆಗೆದು ಸೀಟಿನ ಮೇಲಿಟ್ಟು ಇಳಿದುಹೋದಳು. ಗುರುವಾರ ತಾಮ್ರದುಗುರಿನಾಕೆ ಮೇರಿಮಳ ಹಿಂದೆ ಬಿದ್ದಾಗ, ತಿಲೆಕ್ ಆ ಉಗುರಿನ ಕೈಯನ್ನು ತನ್ನ ಕೈಯಲ್ಲಿ ಬಿಗಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಮೇಲಿನ ತಂತಿಯನ್ನು ಮುಟ್ಟಿದ. ತಾಮ್ರದಲ್ಲಿ ಕರೆಂಟು ಹರಿಯುತ್ತದೆ ಎಂದು ನಾನು ವಿವರಿಸಲಿಲ್ಲ. ಕೇಳುವವರ ಮನೆಗಳಲ್ಲೂ ಸ್ವಿಚ್ಚುಗಳಿವೆ.

 ಎಲ್ಲರೂ ಅಳುತ್ತಾ ಹೊಲಿದರು, ಹೊಲಿಗೆ ಮಾತ್ರ ದಾರ ಹಿಡಿದಂತೆ ನೇರವಾಗಿ ಬಂತು. ಶುಕ್ರವಾರ ಬೆಳಿಗ್ಗೆ ಅಂಗಿಗಳೆಲ್ಲ ಲಾರಿ ಹತ್ತಿದವು. ಆಮೇಲೆ ಅನಿಪಾ ಚಹಾ ಕಾಯಿಸುವ ಮೂಲೆಯಲ್ಲಿ ಬಾಣಲೆಯಿಟ್ಟು, ಸತ್ತವರಿಗೆ ಕರಿಯುವಂತೆ ಏಳು ರೊಟ್ಟಿ ಕರಿದಳು. ತಾವು ಹುಟ್ಟಿಸಿ ನಾನು ಕೊಂದ ಹುಡುಗನ ಹೆಸರಿನಲ್ಲಿ ಹನ್ನೆರಡು ಹೆಂಗಸರು ಅಂಗೈ ಚಾಚಿ ಪ್ರಾರ್ಥನೆ ಮಾಡಿದರು. ನನ್ನ ಪಾಲಿನ ತುಂಡನ್ನು ಮೈಕಿನ ಪಕ್ಕ ಹಾಗೆಯೇ ಇಟ್ಟೆ. ಅಂಗಿ ಹೊಲಿದವರಿಗೆ ಸುಳ್ಳು ಉಣಿಸಿದೆನಲ್ಲ ಎಂದು ನಾಚಿಕೆಯಾಯಿತು.

ಶನಿವಾರ ತಾಜಿಗುಲ್ ಎಜೆ ನನ್ನನ್ನು ಬಟ್ಟೆ ಕತ್ತರಿಸುವ ಕೋಣೆಗೆ ಕರೆದು ಬಾಗಿಲು ಹಾಕಿದರು. ಮೇಜಿನ ಮೇಲೆ ತಮ್ಮ ಎರಡನೆಯ ಭಾಗದ ಹೊಚ್ಚ ಹೊಸ ಪ್ರತಿಯಿತ್ತು.

"ದುಃಖ ತಡೀಲಾರ್ದೆ, ಮುಂದೇನಾಗತ್ತೋ ನೋಡೋಣ ಅಂತ ನಿನ್ನೆ ನಾನೇ ಕೊಂಡುತಂದೆ" ಎಂದರು. "ಇದ್ರಲ್ಲಿ ಅವನು ಸತ್ತೇ ಇಲ್ವಲ್ಲೇ!"

ನಾನು ಮೈಕಿನ ವೈರನ್ನು ಸುತ್ತಿಡಬೇಕೇ ಎಂದು ಕೇಳಿದೆ.

"ಬಾಯ್ಮುಚ್ಚು. ಹೋಗಿ ಎಲ್ರಿಗೂ ನಿಜ ಹೇಳು."

ಹೇಳಿದೆ. ನೇರಳೆ ದೀಪ ಮಿನುಗುತ್ತಿತ್ತು. ಮೂವತ್ತೊಂದನೆಯ ಪುಟದ ಕೈಯನ್ನು ಇಳಿಸಿದವಳು ನಾನು, ತಿಲೆಕನನ್ನು ಕೊಂದವಳು ನಾನು, ನಿಮ್ಮ ಏಳು ರೊಟ್ಟಿಗೆ ನಾನೇ ಹೊಣೆ ಎಂದು ಎಲ್ಲವನ್ನೂ ಹೇಳಿ, ಕುರ್ಚಿಯಿಂದ ಎದ್ದು ನಿಂತೆ.  ಅನಿಪಾ ಬಗ್ಗಿ ಸೂಜಿಗೆ ದಾರ ಪೋಣಿಸಿದಳು.

"ಕೂತ್ಕೊಳ್ಳಿ ಎಜೆ. ಮೇರಿಮಳ ಗತಿ ಏನಾಯ್ತು, ಅದನ್ನ ಹೇಳಿ."

ಆದ್ದರಿಂದ, ಮಾನ್ಯರೇ, ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಮೂರನೆಯ ಭಾಗದಲ್ಲಿ ತಿಲೆಕ್ ಮತ್ತು ಮೇರಿಮಳಿಗೆ ಅವಳಿ ಮಕ್ಕಳಾಗುತ್ತವೆಂದು ಪ್ರಕಾಶಕರು ಜಾಹೀರಾತು ಕೊಟ್ಟಿದ್ದಾರೆ. ನಮ್ಮ ಕಾರ್ಖಾನೆಯ ಮಟ್ಟಿಗೆ ತಿಲೆಕ್ ತೀರಿಕೊಂಡಿದ್ದಾನೆ, ಅವನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಯಾಗಿದೆ. ದಯವಿಟ್ಟು ಅವನನ್ನು ಎಬ್ಬಿಸಬೇಡಿ. ಎಬ್ಬಿಸಲೇಬೇಕೆಂದಿದ್ದರೆ, ಹೇಗೆ ಎದ್ದನೆಂದು ಮಾತ್ರ ವಿವರಿಸಬೇಡಿ.

ತಮ್ಮ ವಿಶ್ವಾಸಿ, ಇಸ್ತ್ರಿ ಮೇಜಿನ ಪಕ್ಕದ ಕುರ್ಚಿಯಿಂದ,
ಬೂರುಲ್ ಅಸಾನಲಿಯೇವಾ

ಮರೆತಿದ್ದು: ಮೂರನೆಯ ಭಾಗ ಬರೆದು ಮುಗಿಸಲು ಇನ್ನೂ ಎರಡು ವರ್ಷ ಬೇಕೆಂದು ತಾವು ಪತ್ರಿಕೆಯಲ್ಲಿ ಹೇಳಿರುವುದನ್ನು ಓದಿ ಎಲ್ಲರಿಗೂ ತಮ್ಮ ಆರೋಗ್ಯದ ಬಗ್ಗೆ ಕಾಳಜಿಯಾಯಿತು. ದಯವಿಟ್ಟು ಅಷ್ಟು ಶ್ರಮ ತೆಗೆದುಕೊಳ್ಳಬೇಡಿ. ನಮ್ಮಲ್ಲಿ ಅದು ಬರುವ ಗುರುವಾರ ಮುಗಿಯುತ್ತದೆ.